ಊರಿಗೆ ಹೋದಾಗ ಮೊಡವೆ ಪಥ್ಯ



ಜೂನ್ ಬಂತು ಅಂದ್ರೆ ನಮ್ಮ ಕನ್ನಡ ಶಾಲೆಯ ಅರ್ಧ ತರಗತಿ ಊರಿಗೆ ಹೊರಡುತ್ತದೆ. ಒಬ್ಬರು ಮೈಸೂರಿಗೆ, ಒಬ್ಬರು ಹುಬ್ಬಳ್ಳಿಗೆ, ಇನ್ನೊಬ್ಬರು ಶಿವಮೊಗ್ಗಕ್ಕೆ. ಚಿಕ್ಕ ಮಕ್ಕಳಿಗೆ ವಿಮಾನದಲ್ಲಿ ಕಿಟಕಿ ಪಕ್ಕದ ಸೀಟು ಸಿಗುತ್ತೋ ಇಲ್ಲವೋ ಅನ್ನೋದೇ ದೊಡ್ಡ ಚಿಂತೆ. ಹೈಸ್ಕೂಲ್ ಓದುವ ನಮಗೆ ಬೇರೆ ಚಿಂತೆ. "ನಾಲ್ಕು ತಿಂಗಳಿಂದ ಹಾಲು ಬಿಟ್ಟಿದ್ದೀನಿ, ಸಕ್ಕರೆ ಬಿಟ್ಟಿದ್ದೀನಿ, ಈಗ ಮುಖ ಸ್ವಲ್ಪ ತಿಳಿಯಾಗಿದೆ. ಊರಿಗೆ ಹೋದ್ರೆ ಎಲ್ಲಾ ಹಾಳಾಗುತ್ತೆ" ಅಂತ ಹೇಳುವವರು ನಮ್ಮ ತರಗತಿಯಲ್ಲೇ ಮೂರು ಜನ ಇದ್ದಾರೆ. ಅಲ್ಲಿ ಅಜ್ಜಿ ಬಾದಾಮಿ ಹಾಲು ಕಾಯಿಸಿ ಇಟ್ಟಿರುತ್ತಾರೆ, ಅತ್ತೆ ಹೋಳಿಗೆ ಮಾಡಿರುತ್ತಾರೆ. ಬೇಡ ಅಂದ್ರೆ ಅವರಿಗೆ ಬೇಜಾರು, ತಿಂದ್ರೆ ನಮಗೆ ಭಯ.

ಈ ಭಯದಲ್ಲಿ ಎಷ್ಟು ನಿಜ, ಎಷ್ಟು ಸುಳ್ಳು? ಪ್ರಯಾಣದಲ್ಲಿ ಪಥ್ಯದ ಯಾವ ಭಾಗ ಹಿಡಿದುಕೊಳ್ಳಬೇಕು, ಯಾವುದನ್ನು ಬಿಡಬಹುದು? ಇದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಮೊಡವೆ ಹೇಗೆ ಹುಟ್ಟುತ್ತದೆ?

ನಮ್ಮ ಚರ್ಮದಲ್ಲಿ ಕೂದಲಿನ ಬುಡದ ಪಕ್ಕದಲ್ಲಿ ಸಣ್ಣ ಸಣ್ಣ ಎಣ್ಣೆ ಗ್ರಂಥಿಗಳಿವೆ. ಅವು ಒಂದು ರೀತಿಯ ಜಿಡ್ಡನ್ನು ತಯಾರಿಸುತ್ತವೆ. ಚರ್ಮ ಒಣಗದೆ ಇರಲು ಈ ಜಿಡ್ಡು ಬೇಕು. ಹದಿಹರೆಯ ಬಂದಾಗ ಆಂಡ್ರೊಜೆನ್ ಎಂಬ ಹಾರ್ಮೋನುಗಳು ಹೆಚ್ಚಾಗುತ್ತವೆ. ಆಗ ಗ್ರಂಥಿಗಳು ದೊಡ್ಡದಾಗಿ ಜಿಡ್ಡು ಜಾಸ್ತಿಯಾಗುತ್ತದೆ. ಇದು ಹುಡುಗರಿಗೂ ಹುಡುಗಿಯರಿಗೂ ಆಗುತ್ತದೆ. ಜೊತೆಗೆ ಚರ್ಮದ ಸತ್ತ ಕೋಶಗಳು ಸರಿಯಾಗಿ ಉದುರದೆ ರಂಧ್ರದ ಬಾಯಿ ಕಟ್ಟಿಕೊಳ್ಳುತ್ತದೆ. ಬಚ್ಚಲ ಪೈಪಿನಲ್ಲಿ ಕೂದಲೂ ಸೋಪೂ ಸೇರಿ ನೀರು ನಿಲ್ಲುತ್ತಲ್ಲ, ಹಾಗೆ. ಒಳಗೆ ಸಿಕ್ಕಿಕೊಂಡ ಜಿಡ್ಡಿನಲ್ಲಿ ಕ್ಯುಟಿಬ್ಯಾಕ್ಟೀರಿಯಂ ಆಕ್ನೆಸ್ ಎಂಬ ಬ್ಯಾಕ್ಟೀರಿಯಾ ಬೆಳೆಯುತ್ತದೆ. ದೇಹ ಅದರ ಜೊತೆ ಜಗಳಕ್ಕೆ ನಿಂತಾಗ ಆ ಜಾಗ ಕೆಂಪಾಗಿ, ಊದಿಕೊಂಡು, ನೋಯುತ್ತದೆ.

ಇಲ್ಲಿ ಒಂದು ವಿಷಯ ನೆನಪಿಟ್ಟುಕೊಳ್ಳಿ. ರಂಧ್ರ ಕಟ್ಟಿಕೊಳ್ಳುವ ಕೆಲಸ ಕಣ್ಣಿಗೆ ಕಾಣುವ ಎಷ್ಟೋ ವಾರಗಳ ಮೊದಲೇ ಶುರುವಾಗಿರುತ್ತದೆ. ಅಂದ್ರೆ ಸೋಮವಾರ ಬೆಳಿಗ್ಗೆ ಕನ್ನಡಿಯಲ್ಲಿ ಕಂಡ ಮೊಡವೆಯನ್ನು ಭಾನುವಾರ ತಿಂದ ಜಾಮೂನಿನ ಲೆಕ್ಕಕ್ಕೆ ಬರೆಯುವ ಹಾಗಿಲ್ಲ. ಆ ಮೊಡವೆ ಜಾಮೂನಿಗಿಂತ ಮುಂಚೆಯೇ ಒಳಗೆ ಕೂತಿತ್ತು.

ಊಟಕ್ಕೂ ಮೊಡವೆಗೂ ಸಂಬಂಧ ಇದೆಯಾ?

ತುಂಬಾ ವರ್ಷಗಳ ಕಾಲ ಡಾಕ್ಟರುಗಳು "ಇಲ್ಲ" ಅಂತಲೇ ಹೇಳುತ್ತಿದ್ದರು. ಅದಕ್ಕೆ ಒಂದು ಕಾರಣ 1969ರಲ್ಲಿ ಅಮೆರಿಕದಲ್ಲಿ ನಡೆದ ಚಾಕೊಲೇಟ್ ಪ್ರಯೋಗ. 65 ಜನರಿಗೆ ಕೆಲವು ವಾರ ಚಾಕೊಲೇಟ್ ಬಾರ್, ಕೆಲವು ವಾರ ಚಾಕೊಲೇಟ್ ಇಲ್ಲದ ಬಾರ್ ಕೊಟ್ಟು ನೋಡಿದರು. ಮೊಡವೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಆದರೆ ಆ ಎರಡನೇ ಬಾರಿನಲ್ಲೂ ಸಕ್ಕರೆ ಮತ್ತು ಕೊಬ್ಬು ಹೆಚ್ಚುಕಡಿಮೆ ಅಷ್ಟೇ ಇತ್ತು! ಮೈಸೂರು ಪಾಕಿಗೂ ಜಿಲೇಬಿಗೂ ವ್ಯತ್ಯಾಸ ಇಲ್ಲ ಅಂತ ಕಂಡುಹಿಡಿದು, ಸಿಹಿಯಿಂದ ಏನೂ ಆಗಲ್ಲ ಅಂದ ಹಾಗಾಯಿತು.

2002ರಲ್ಲಿ ಇನ್ನೊಂದು ಅಧ್ಯಯನ ಪ್ರಕಟವಾಯಿತು. ಪಪುವಾ ನ್ಯೂಗಿನಿಯ ಕಿಟಾವ ದ್ವೀಪದ 1,200 ಜನರನ್ನೂ ಪರಾಗ್ವೆ ದೇಶದ ಆಚೆ ಬುಡಕಟ್ಟಿನ 115 ಜನರನ್ನೂ ಪರೀಕ್ಷೆ ಮಾಡಿದಾಗ ಒಬ್ಬರಿಗೂ ಮೊಡವೆ ಇರಲಿಲ್ಲ. ಅವರ ಊಟದಲ್ಲಿ ಸಕ್ಕರೆ, ಮೈದಾದಂಥ ಪದಾರ್ಥಗಳು ಬಹಳ ಕಡಿಮೆ. ಇದರಿಂದಲೇ ಎಲ್ಲಾ ತೀರ್ಮಾನ ಆಗುವುದಿಲ್ಲ. ಅವರ ವಂಶವೂ ಕಾರಣ ಇರಬಹುದು. ಆದರೆ ಪ್ರಶ್ನೆ ಮತ್ತೆ ಎದ್ದಿತು.

2007ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು 15ರಿಂದ 25 ವರ್ಷದ 43 ಹುಡುಗರ ಮೇಲೆ 12 ವಾರ ಪ್ರಯೋಗ ನಡೆಸಿದರು. ರಕ್ತದಲ್ಲಿ ಸಕ್ಕರೆಯನ್ನು ನಿಧಾನವಾಗಿ ಏರಿಸುವ ಆಹಾರ ತಿಂದವರಲ್ಲಿ ಮೊಡವೆಗಳು ಉಳಿದವರಿಗಿಂತ ಹೆಚ್ಚು ಕಡಿಮೆಯಾದವು. ಅವರ ತೂಕವೂ ಇಳಿದಿತ್ತು, ಹಾಗಾಗಿ ಫಲಕ್ಕೆ ಊಟ ಕಾರಣವೋ ತೂಕ ಕಾರಣವೋ ಅಂತ ಬಿಡಿಸಿ ಹೇಳುವುದು ಕಷ್ಟ.

ಇದು ಅರ್ಥವಾಗಲು ಗ್ಲೈಸೆಮಿಕ್ ಇಂಡೆಕ್ಸ್ ಎಂಬ ಅಳತೆ ಗೊತ್ತಿರಬೇಕು. 1981ರಲ್ಲಿ ಟೊರಾಂಟೊದ ಡೇವಿಡ್ ಜೆಂಕಿನ್ಸ್ ಮತ್ತು ಅವರ ಜೊತೆಗಾರರು ಇದನ್ನು ತಂದರು. ಗ್ಲೂಕೋಸ್‌ಗೆ 100 ಅಂಕ. 55 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ನಿಧಾನ, 70 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಬೇಗ. ಬಿಳಿ ಬ್ರೆಡ್ಡು, ಪಾಲಿಶ್ ಅಕ್ಕಿಯ ಅನ್ನ ಸಾಮಾನ್ಯವಾಗಿ 70ರ ಆಸುಪಾಸಿನಲ್ಲಿವೆ. ಕಡಲೆಕಾಳು 30ರ ಆಸುಪಾಸು. ಸಕ್ಕರೆ ಬೇಗ ಏರಿದರೆ ಇನ್ಸುಲಿನ್ ಜಾಸ್ತಿ ಬರುತ್ತದೆ, ಅದರ ಜೊತೆಗೆ ಐಜಿಎಫ್-1 ಎಂಬ ಇನ್ನೊಂದು ಹಾರ್ಮೋನಿನ ಕೆಲಸವೂ ಹೆಚ್ಚುತ್ತದೆ. ಇವೆರಡೂ ಎಣ್ಣೆ ಗ್ರಂಥಿಗೆ "ಇನ್ನೂ ಜಿಡ್ಡು ಮಾಡು" ಅಂತ ಹೇಳುತ್ತವೆ.

ಹಾಲಿನ ಕಥೆ ಸ್ವಲ್ಪ ವಿಚಿತ್ರ. ಹಾಲಿನ ಗ್ಲೈಸೆಮಿಕ್ ಇಂಡೆಕ್ಸ್ ಕಡಿಮೆಯೇ, ಆದರೂ ಅದು ಇನ್ಸುಲಿನ್ ಅನ್ನು ಚೆನ್ನಾಗಿಯೇ ಏರಿಸುತ್ತದೆ. 2005ರಲ್ಲಿ ಅಮೆರಿಕದ 47,355 ಮಹಿಳೆಯರ ಸಮೀಕ್ಷೆಯೊಂದು ಪ್ರಕಟವಾಯಿತು. ಹೈಸ್ಕೂಲಿನಲ್ಲಿ ಹೆಚ್ಚು ಹಾಲು ಕುಡಿಯುತ್ತಿದ್ದೆವು ಅಂದವರಲ್ಲಿ ಮೊಡವೆ ಸ್ವಲ್ಪ ಹೆಚ್ಚು ಕಂಡಿತು. ಕೆನೆ ತೆಗೆದ ಹಾಲಿನಲ್ಲಿ ಈ ಸಂಬಂಧ ಇನ್ನೂ ಎದ್ದು ಕಂಡಿತು. ಮೊಸರಿನ ವಿಷಯದಲ್ಲಿ ಸಾಕ್ಷ್ಯ ಹಾಲಿನಷ್ಟು ಸ್ಪಷ್ಟವಾಗಿಲ್ಲ. ಜಿಮ್‌ಗೆ ಹೋಗುವ ಅಣ್ಣಂದಿರು ಕುಡಿಯುವ ವೇ ಪ್ರೋಟೀನ್ ಪುಡಿ ಕೂಡ ಹಾಲಿನದೇ. ಅದನ್ನು ಶುರು ಮಾಡಿದ ಮೇಲೆ ಮೊಡವೆ ಹೆಚ್ಚಾದವರ ಬಗ್ಗೆ ಡಾಕ್ಟರುಗಳು ಬರೆದಿದ್ದಾರೆ.

ಇಷ್ಟೆಲ್ಲಾ ಇದ್ದರೂ, ಅಮೆರಿಕನ್ ಅಕಾಡೆಮಿ ಆಫ್ ಡರ್ಮಟಾಲಜಿ 2024ರ ಮಾರ್ಗಸೂಚಿಯಲ್ಲಿ ಮೊಡವೆಗೆ ಇಂಥದ್ದೇ ಆಹಾರ ಅಂತ ಶಿಫಾರಸು ಮಾಡುವಷ್ಟು ಸಾಕ್ಷ್ಯ ಇನ್ನೂ ಇಲ್ಲ ಎಂದಿದೆ. ಒಟ್ಟಿನಲ್ಲಿ ಊಟದಿಂದ ಕೆಲವರಿಗೆ ಸ್ವಲ್ಪ ಸಹಾಯ ಆಗಬಹುದು. ಮುಖ್ಯ ಚಿಕಿತ್ಸೆ ಔಷಧಿಯೇ.

ಪಥ್ಯದಲ್ಲಿ ಎರಡು ಥರ

ನಮ್ಮಲ್ಲಿ ಕೆಲವರಿಗೆ ಕಡಲೆಕಾಯಿ ಅಲರ್ಜಿ ಇದೆ. ಅವರು ಒಂದು ಚೂರೂ ತಿನ್ನುವಂತಿಲ್ಲ, ತಿಂದರೆ ಪ್ರಾಣಕ್ಕೇ ಅಪಾಯ. ಸೀಲಿಯಾಕ್ ಕಾಯಿಲೆ ಇರುವವರಿಗೆ ಗೋಧಿಯೂ ಹಾಗೇ, ಸ್ವಲ್ಪವೇ ತಿಂದರೂ ಕರುಳಿಗೆ ಪೆಟ್ಟು. ಇದು ಒಂದು ಥರದ ಪಥ್ಯ. ಇದರಲ್ಲಿ ರಜೆ ಇಲ್ಲ, ದಾಕ್ಷಿಣ್ಯವೂ ಇಲ್ಲ. ಇಂಥವರು ಯಾರ ಮನೆಗೆ ಹೋದರೂ ಮೊದಲೇ ಹೇಳಲೇಬೇಕು.

ಮೊಡವೆ ಪಥ್ಯ ಎರಡನೇ ಥರ. ಇದರಲ್ಲಿ ಲೆಕ್ಕಕ್ಕೆ ಬರುವುದು ವಾರಗಟ್ಟಲೆಯ ಸರಾಸರಿ. ಆಸ್ಟ್ರೇಲಿಯಾದ ಹುಡುಗರು ಫಲ ಕಾಣಲು 12 ವಾರ ಬೇಕಾಯಿತು. 12 ವಾರ ಅಂದ್ರೆ ದಿನಕ್ಕೆ ಮೂರರಂತೆ 252 ಊಟ. ಅದರಲ್ಲಿ ಮಾವನ ಮದುವೆಯ ಊಟ ಒಂದು. 252ರಲ್ಲಿ ಒಂದು ಎಷ್ಟಾಗುತ್ತೆ ನೀವೇ ಲೆಕ್ಕ ಹಾಕಿ! ಅದೇ ಊರಿನಲ್ಲಿರುವ ಮೂರು ವಾರವೂ ದಿನಾ ಬೆಳಿಗ್ಗೆ ಬೂಸ್ಟ್ ಹಾಲು, ಸಂಜೆ ಸಿಹಿ ಕಾಫಿ ಜೊತೆ ಬಿಸ್ಕತ್ತು, ರಾತ್ರಿ ತಟ್ಟೆ ತುಂಬಾ ಅನ್ನ ಅಂತಾದರೆ ಸರಾಸರಿ ಬದಲಾಗುತ್ತದೆ.

ಆದ್ದರಿಂದ ಪ್ರಯಾಣದಲ್ಲಿ ಪಾಲಿಸಬೇಕಾದ ಸೂತ್ರ ಒಂದೇ: ದಿನದ ಅಭ್ಯಾಸ ಬಿಡಬೇಡಿ, ಹಬ್ಬದ ಎಲೆಗೆ ಹೆದರಬೇಡಿ.

ಹೊರಡುವ ಮೊದಲು: ಪಟ್ಟಿ ಚಿಕ್ಕದು ಮಾಡಿ

ವಿಡಿಯೋ ನೋಡಿ ಪಥ್ಯ ಶುರು ಮಾಡಿದವರ ಪಟ್ಟಿ ನೋಡಿದ್ದೀನಿ. ಹಾಲು ಇಲ್ಲ, ಗೋಧಿ ಇಲ್ಲ, ಸಕ್ಕರೆ ಇಲ್ಲ, ಎಣ್ಣೆ ಇಲ್ಲ, ಟೊಮೇಟೊ ಇಲ್ಲ, ಬದನೆಕಾಯಿ ಇಲ್ಲ, ಬೀಜಗಳಿಲ್ಲ. ಇಷ್ಟು ಉದ್ದ ಪಟ್ಟಿ ಹಿಡಿದುಕೊಂಡು ಬೆಂಗಳೂರಿಗೆ ಹೋದರೆ ಉಳಿಯುವುದು ಸೌತೆಕಾಯಿ, ಎಳನೀರು. ನಾವು ಇನ್ನೂ ಬೆಳೆಯುವ ವಯಸ್ಸಿನವರು. ಹೊಟ್ಟೆಗೆ ಸಾಲದೆ ಹೋದರೆ ತಲೆಸುತ್ತು, ಸಿಟ್ಟು, ಆಮೇಲೆ ರಾತ್ರಿ ಹನ್ನೊಂದಕ್ಕೆ ಇಡೀ ಚಿಪ್ಸ್ ಪ್ಯಾಕೆಟ್ ಖಾಲಿ.

ಸಾಕ್ಷ್ಯ ಇರುವುದು ಎರಡೇ ವಿಷಯಕ್ಕೆ: ಸಕ್ಕರೆಯನ್ನು ಬೇಗ ಏರಿಸುವ ಆಹಾರ, ಮತ್ತು ಹಾಲು. ಈ ಎರಡರಲ್ಲಿ ನಿಮಗೆ ನಿಜವಾಗಿ ಯಾವುದು ಉಪಯೋಗವಾಗಿದೆ ಅನ್ನಿಸಿದೆಯೋ ಅದನ್ನು ಮಾತ್ರ ಜೊತೆಗೆ ಒಯ್ಯಿರಿ. ಉಳಿದ ಪಟ್ಟಿಯನ್ನು ಇಲ್ಲೇ ಫ್ರಿಜ್ ಮೇಲೆ ಅಂಟಿಸಿ ಹೋಗಿ.

ಹಾಲು ಬಿಡುವವರು ಕ್ಯಾಲ್ಸಿಯಂ ಮರೆಯಬಾರದು. 9ರಿಂದ 18 ವರ್ಷದವರಿಗೆ ದಿನಕ್ಕೆ 1,300 ಮಿಲಿಗ್ರಾಂ ಬೇಕು ಅಂತ ಅಮೆರಿಕದಲ್ಲಿ ಹೇಳುತ್ತಾರೆ. ಒಂದು ಲೋಟ ಹಾಲಿನಲ್ಲಿ ಸುಮಾರು 300 ಇರುತ್ತದೆ. ಇಲ್ಲಿ ಸೋಯಾ ಹಾಲಿಗೆ ಕ್ಯಾಲ್ಸಿಯಂ ಸೇರಿಸಿರುತ್ತಾರೆ, ಊರಲ್ಲಿ ಅದು ಎಲ್ಲಾ ಕಡೆ ಸಿಗಲ್ಲ. ಆದರೆ ಅಲ್ಲಿ ರಾಗಿ ಇದೆ! 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಹಾಲಿನದರಷ್ಟು ಸುಲಭವಾಗಿ ಅದೆಲ್ಲಾ ದೇಹಕ್ಕೆ ಸೇರುವುದಿಲ್ಲ, ಆದರೂ ಅಕ್ಕಿ ಗೋಧಿಗಳಿಗಿಂತ ಎಷ್ಟೋ ಮೇಲು. ಎಳ್ಳು, ಸೊಪ್ಪು, ಮೊಸರು, ಮಜ್ಜಿಗೆಗಳೂ ಇವೆ.

ವಿಮಾನದಲ್ಲಿ

ಮನೆ ಬಿಟ್ಟು ಮನೆ ಸೇರುವ ಹೊತ್ತಿಗೆ ನಮಗೆ ಒಂದು ದಿನದ ಮೇಲಾಗುತ್ತದೆ. ವಿಮಾನದ ಟ್ರೇ ತೆಗೆದರೆ ಬನ್ನು, ಅನ್ನ, ಕೇಕು, ಜ್ಯೂಸು. ಎಲ್ಲಾ ಬೇಗ ಏರುವ ಪೈಕಿ. ಹೆಚ್ಚಿನ ವಿಮಾನ ಕಂಪನಿಗಳಲ್ಲಿ ಮೊದಲೇ ಹೇಳಿದರೆ ವಿಶೇಷ ಊಟ ಸಿಗುತ್ತದೆ. ಹಾಲಿಲ್ಲದ ಊಟಕ್ಕೆ ವಿಜಿಎಂಎಲ್, ಸಕ್ಕರೆ ಕಡಿಮೆ ಇರುವ ಊಟಕ್ಕೆ ಡಿಬಿಎಂಎಲ್ ಎಂಬ ಸಂಕೇತಗಳಿವೆ. ಹೊರಡುವ ಎರಡು ಮೂರು ದಿನ ಮೊದಲೇ ಅಪ್ಪ ಅಮ್ಮನ ಹತ್ತಿರ ಹೇಳಿ ಬುಕ್ ಮಾಡಿಸಿ. ಎವಿಎಂಎಲ್ ಅಂದ್ರೆ ಭಾರತೀಯ ಶೈಲಿಯ ಸಸ್ಯಾಹಾರ. ಅದರಲ್ಲಿ ಪನೀರ್, ಮೊಸರು, ಸಿಹಿ ಎಲ್ಲಾ ಇರಬಹುದು.

ಬ್ಯಾಗಿನಲ್ಲಿ ಹುರಿಗಡಲೆ, ಬಾದಾಮಿ, ಹುರಿದ ಕಡಲೆಕಾಯಿ, ಒಣ ಚಪಾತಿ ಇಟ್ಟುಕೊಳ್ಳಿ. ಗಟ್ಟಿ ತಿಂಡಿಗೆ ಸೆಕ್ಯೂರಿಟಿಯಲ್ಲಿ ತೊಂದರೆ ಇಲ್ಲ. ಚಟ್ನಿ, ಮೊಸರು ಮಾತ್ರ ದ್ರವದ ಲೆಕ್ಕಕ್ಕೆ ಬರುತ್ತವೆ, 100 ಮಿಲಿಲೀಟರ್ ದಾಟಬಾರದು. ವಿಮಾನದೊಳಗಿನ ಗಾಳಿಯ ತೇವ ಸಾಮಾನ್ಯವಾಗಿ ಶೇಕಡ 20ಕ್ಕಿಂತ ಕಡಿಮೆ. ಚರ್ಮ ಒಣಗಿ ಎಳೆದ ಹಾಗಾಗುತ್ತದೆ. ರಂಧ್ರ ಮುಚ್ಚದಂಥ ಮಾಯಿಶ್ಚರೈಸರ್ ಒಂದು ಸಣ್ಣ ಟ್ಯೂಬು ಸಾಕು.

ಅಜ್ಜಿ ಮನೆಯಲ್ಲಿ

ನನಗೆ ತುಂಬಾ ಇಷ್ಟವಾದ ವಿಷಯ ಇದು. ನಮ್ಮ ಊಟದ ಪದ್ಧತಿಯಲ್ಲೇ ಅರ್ಧ ಉತ್ತರ ಇದೆ. ಬಾಳೆ ಎಲೆ ಹಾಕಿದಾಗ ಕೋಸಂಬರಿ, ಪಲ್ಯ ಮೊದಲು ಬರುತ್ತವೆ, ಅನ್ನ ಆಮೇಲೆ. ಕೋಸಂಬರಿಯಲ್ಲಿರುವುದು ನೆನೆಸಿದ ಹೆಸರುಬೇಳೆ, ಸೌತೆಕಾಯಿ, ತೆಂಗಿನತುರಿ. ನಾರು ಮತ್ತು ಪ್ರೋಟೀನ್ ಮೊದಲು ಹೊಟ್ಟೆಗೆ ಹೋದರೆ, ಹಿಂದೆ ಬರುವ ಅನ್ನದ ಸಕ್ಕರೆ ನಿಧಾನವಾಗಿ ಏರುತ್ತದೆ. ಅನ್ನ ಬರುವವರೆಗೂ ಕಾಯುತ್ತಾ ಕೂರಬೇಡಿ, ಕೋಸಂಬರಿ ಎರಡು ಸಲ ಹಾಕಿಸಿಕೊಂಡು ತಿನ್ನಿ.

ದಿನದ ಊಟಕ್ಕೆ ಹುರುಳಿ ಸಾರು, ಬಸ್ಸಾರು, ಸೊಪ್ಪಿನ ಹುಳಿ, ಕಾಳು ಪಲ್ಯ ಎಲ್ಲಾ ಒಳ್ಳೆಯದೇ. ಉತ್ತರ ಕರ್ನಾಟಕದ ಕಡೆ ಹೋಗುವವರಿಗೆ ಜೋಳದ ರೊಟ್ಟಿ, ಮಡಕಿಕಾಳಿನ ಪಲ್ಯ, ಶೇಂಗಾ ಚಟ್ನಿ ಸಿಗುತ್ತದೆ, ಅವರು ಪುಣ್ಯವಂತರು. ಆದರೆ ಒಂದು ಎಚ್ಚರಿಕೆ. ರಾಗಿ ಅಂದ ತಕ್ಷಣ ಎಷ್ಟು ತಿಂದರೂ ನಡೆಯುತ್ತೆ ಅಂದುಕೊಳ್ಳಬೇಡಿ. ಮುದ್ದೆಯೂ ನುಣ್ಣಗೆ ಬೀಸಿದ ಹಿಟ್ಟೇ. ಅದರ ಬಲ ಇರುವುದು ಜೊತೆಗೆ ಬರುವ ಸಾರಿನ ಕಾಳು, ಸೊಪ್ಪಿನಲ್ಲಿ. ಇಡ್ಲಿ, ಅವಲಕ್ಕಿ, ಉಪ್ಪಿಟ್ಟು ಕೂಡ ಬೇಗ ಏರುವ ಕಡೆಯವೇ. ಬಿಡಬೇಕಾಗಿಲ್ಲ. ನಾಲ್ಕರ ಬದಲು ಎರಡು ಇಡ್ಲಿ, ಸಾಂಬಾರು ಜಾಸ್ತಿ.

ಹೋಟೆಲಿನಲ್ಲಿ ಕಾಫಿಗೆ ಮೊದಲೇ ಸಕ್ಕರೆ ಹಾಕಿರುತ್ತಾರೆ. "ಸಕ್ಕರೆ ಬೇಡ" ಅಂತ ಆರ್ಡರ್ ಮಾಡುವಾಗಲೇ ಹೇಳಬೇಕು. ಜ್ಯೂಸ್ ಅಂಗಡಿಯಲ್ಲೂ ಅಷ್ಟೇ. ಎಳನೀರು, ಉಪ್ಪು ಹಾಕಿದ ನಿಂಬೆ ಸೋಡಾ, ಮಸಾಲೆ ಮಜ್ಜಿಗೆ ಇದ್ದಾಗ ಬಾಟಲಿ ಡ್ರಿಂಕ್ ಯಾಕೆ ಬೇಕು?

ಮಾವಿನಹಣ್ಣು ಉಷ್ಣ, ಮೊಡವೆ ಬರುತ್ತೆ ಅಂತ ಮನೆಯಲ್ಲಿ ಹೇಳಬಹುದು. ಮಾವಿನಹಣ್ಣಿನ ಗ್ಲೈಸೆಮಿಕ್ ಇಂಡೆಕ್ಸ್ 50ರ ಆಸುಪಾಸಿನಲ್ಲಿದೆ, ಅನ್ನಕ್ಕಿಂತ ಕಡಿಮೆ. ಹಣ್ಣು ತಿನ್ನಿ. ಸಕ್ಕರೆ ಹಾಲು ಹಾಕಿ ಮಾಡಿದ ಸೀಕರಣೆ ಎರಡು ಬಟ್ಟಲು ಅಂದಾಗ ಮಾತ್ರ ಸ್ವಲ್ಪ ಯೋಚನೆ ಮಾಡಿ.

ಇನ್ನು ಮದುವೆ ಮನೆ. ಆಷಾಢ ಬರುವ ಮೊದಲೇ ಮುಗಿಸಬೇಕು ಅಂತ ಜೂನ್‌ನಲ್ಲಿ ಮದುವೆಗಳು ಸಾಲಾಗಿ ಇರುತ್ತವೆ. ಅಲ್ಲಿ ಹೋಳಿಗೆ ಬಂದರೆ ತುಪ್ಪ ಹಾಕಿಸಿಕೊಂಡು, ನೆಮ್ಮದಿಯಾಗಿ ತಿನ್ನಿ. ಎರಡು ವರ್ಷಕ್ಕೊಮ್ಮೆ ಸಿಗುವ ಪಂಕ್ತಿಯಲ್ಲಿ ಕೂತು ಹೋಳಿಗೆಯನ್ನು ಶತ್ರುವಿನ ಹಾಗೆ ನೋಡುವುದು ಚರ್ಮಕ್ಕೂ ಒಳ್ಳೆಯದಲ್ಲ, ಮನಸ್ಸಿಗೂ ಒಳ್ಳೆಯದಲ್ಲ.

ಏನಂತ ಹೇಳಬೇಕು?

ಕನ್ನಡ ಕಲಿತಿದ್ದು ಇಲ್ಲಿ ಕೆಲಸಕ್ಕೆ ಬರುತ್ತದೆ. "ನಾನು ಡಯಟ್‌ನಲ್ಲಿದ್ದೀನಿ" ಅಂದ್ರೆ "ಕಡ್ಡಿ ಥರ ಇದ್ದೀಯ, ನಿನಗ್ಯಾಕೆ ಡಯಟ್ಟು?" ಅಂತ ಇನ್ನೊಂದು ಸೌಟು ಬೀಳುತ್ತದೆ. ಆದರೆ ಪಥ್ಯ ಎಂಬ ಪದಕ್ಕೆ ನಮ್ಮ ಹಿರಿಯರಲ್ಲಿ ಬಹಳ ಗೌರವ. ಬಾಣಂತಿಗೆ ಪಥ್ಯ, ಜ್ವರಕ್ಕೆ ಪಥ್ಯ, ಔಷಧಿಗೆ ಪಥ್ಯ ಮಾಡಿಸಿದವರು ಅವರು. ಹಾಗಾಗಿ ಈ ಮಾತುಗಳನ್ನು ಕಲಿತಿಟ್ಟುಕೊಳ್ಳಿ:

"ಅಜ್ಜಿ, ಮುಖಕ್ಕೆ ಅಂತ ಸ್ವಲ್ಪ ಪಥ್ಯ ಮಾಡ್ತಿದ್ದೀನಿ. ಹಾಲಿನ ಬದಲು ಮಜ್ಜಿಗೆ ಕೊಡ್ತೀರಾ?"

"ಅತ್ತೆ, ಅನ್ನ ಇಷ್ಟು ಸಾಕು. ಪಲ್ಯ ತುಂಬಾ ಚೆನ್ನಾಗಿದೆ, ಇನ್ನೊಂದು ಸ್ವಲ್ಪ ಹಾಕಿ."

"ದೊಡ್ಡಮ್ಮ, ಈಗ ಅರ್ಧ ಹೋಳಿಗೆ ಕೊಡಿ. ಉಳಿದರ್ಧ ನಾಳೆಗೆ."

ಗಮನಿಸಿ, ಮೂರರಲ್ಲೂ ಬೇಡ ಅನ್ನುವುದರ ಜೊತೆ ಏನು ಬೇಕು ಅಂತಲೂ ಇದೆ. ಬಡಿಸುವವರ ಕೈ ಖಾಲಿ ಹಿಂದೆ ಹೋಗುವುದಿಲ್ಲ. ಅವರು ಕೊಡಬೇಕು ಅಂತ ಬಂದಿದ್ದು ಪ್ರೀತಿಯನ್ನು. ಅದು ಪಲ್ಯದ ರೂಪದಲ್ಲೂ ಬರುತ್ತದೆ. ಇನ್ನು "ಏನು ಪುಟ್ಟಾ ಮುಖದ ತುಂಬಾ ಮೊಡವೆ?" ಅಂತ ಯಾರಾದರೂ ಎಲ್ಲರ ಮುಂದೆ ಕೇಳಿದರೆ, "ವಯಸ್ಸಿಗೆ ಬರುತ್ತೆ ಅಂಕಲ್, ಹೋಗುತ್ತೆ" ಅಂತ ನಕ್ಕು ಹೇಳಿ. ಅಷ್ಟೇ ಸಾಕು.

ಊಟದ ಮೇಲೆ ಸುಮ್ಮನೆ ದೂರು ಬೇಡ

ಊರಿಗೆ ಹೋದಾಗ ಮೊಡವೆ ಹೆಚ್ಚಾದರೆ ಅಜ್ಜಿಯ ಅಡುಗೆ ಕಾರಣ ಅಂತ ತಕ್ಷಣ ಹೇಳಿಬಿಡುತ್ತೇವೆ. ಬೇರೆ ಕಾರಣಗಳೂ ಇವೆ.

ತಲೆಗೆ ಎಣ್ಣೆ: ರಾತ್ರಿ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಮಲಗಿದರೆ ಹಣೆಗೆ ಇಳಿದು ರಂಧ್ರ ಕಟ್ಟುತ್ತದೆ. ಹಣೆಯ ಅಂಚಿನಲ್ಲಿ ಸಾಲಾಗಿ ಸಣ್ಣ ಗುಳ್ಳೆ ಬಂದರೆ ಇದೇ ಕಾರಣ ಇರಬಹುದು. ಅಜ್ಜಿ ಎಣ್ಣೆ ಹಚ್ಚಲಿ, ಆ ಸುಖ ಬಿಡಬೇಡಿ. ಒಂದು ಗಂಟೆ ಬಿಟ್ಟು ತಲೆಸ್ನಾನ ಮಾಡಿ.

ಬೆವರು: ಸೆಕೆಯಲ್ಲಿ ಬೆವರು, ಧೂಳು, ಸ್ಕೂಟರಿನ ಹೆಲ್ಮೆಟ್ ಪಟ್ಟಿ ಉಜ್ಜುವುದು ಎಲ್ಲಾ ಸೇರುತ್ತದೆ. ದಿನಕ್ಕೆ ಎರಡು ಸಲ ಮೆಲ್ಲಗೆ ಮುಖ ತೊಳೆದರೆ ಸಾಕು, ಉಜ್ಜಬಾರದು.

ಕ್ರೀಮು: ಮೆಡಿಕಲ್ ಅಂಗಡಿಯಲ್ಲಿ ಚೀಟಿ ಇಲ್ಲದೆ ಸಿಗುವ ಕೆಲವು ಕ್ರೀಮುಗಳಲ್ಲಿ ಸ್ಟೀರಾಯ್ಡ್ ಇರುತ್ತದೆ. ಮೊದಲ ವಾರ ಮುಖ ಹೊಳೆಯುತ್ತದೆ. ಆಮೇಲೆ ಚರ್ಮ ತೆಳ್ಳಗಾಗಿ, ಕೆಂಪಾಗಿ, ಮೊಡವೆ ಇನ್ನೂ ಹೆಚ್ಚಾಗುತ್ತದೆ. ಪಕ್ಕದ ಮನೆಯ ಅಕ್ಕ ಎಷ್ಟೇ ಹೊಗಳಿದರೂ ಹಚ್ಚಬೇಡಿ.

ಔಷಧಿ: ಡಾಕ್ಸಿಸೈಕ್ಲಿನ್ ಮಾತ್ರೆ ತೆಗೆದುಕೊಳ್ಳುವವರಿಗೆ ಬಿಸಿಲು ಬೇಗ ಸುಡುತ್ತದೆ. ಟೋಪಿ, ಸನ್‌ಸ್ಕ್ರೀನ್ ಬೇಕು. ಹಾಲಿನ ಜೊತೆ ಆ ಮಾತ್ರೆ ನುಂಗಿದರೆ ಪೂರ್ತಿ ದೇಹಕ್ಕೆ ಸೇರುವುದಿಲ್ಲ. ಒಂದು ಲೋಟ ನೀರಿನ ಜೊತೆ ತೆಗೆದುಕೊಂಡು ಸ್ವಲ್ಪ ಹೊತ್ತು ಮಲಗದೆ ಕೂತಿರಿ. ಪ್ರಯಾಣದ ಗಡಿಬಿಡಿಯಲ್ಲಿ ಹೆಚ್ಚಾಗಿ ತಪ್ಪಿಹೋಗುವುದು ಔಷಧಿಯೇ. ಊಟದಲ್ಲಿ ಎಷ್ಟೇ ಕಟ್ಟುನಿಟ್ಟಾಗಿದ್ದರೂ ಮೂರು ವಾರ ಔಷಧಿ ಬಿಟ್ಟದ್ದನ್ನು ಅದು ತುಂಬಿಕೊಡಲ್ಲ.

ಕೊನೆಯದಾಗಿ

ಪಥ್ಯ ಮಾಡುವುದು ನಮ್ಮ ಒಳ್ಳೆಯದಕ್ಕೆ. ಅದರಿಂದ ಊಟ ಕಂಡರೆ ಹೆದರಿಕೆ, ಎಲ್ಲರ ಜೊತೆ ಕೂರಲು ಹಿಂಜರಿಕೆ, ಒಂದು ಲಾಡು ತಿಂದಿದ್ದಕ್ಕೆ ರಾತ್ರಿಯೆಲ್ಲಾ ಪಶ್ಚಾತ್ತಾಪ, ತೂಕ ಇಳಿಯುತ್ತಲೇ ಹೋಗುವುದು, ಇಂಥದ್ದು ಶುರುವಾದರೆ ಅದು ಪಥ್ಯದ ಗಡಿ ದಾಟಿದೆ ಅಂತ ಅರ್ಥ. ಆಗ ಅಮ್ಮನಿಗೋ ಅಪ್ಪನಿಗೋ ಡಾಕ್ಟರಿಗೋ ಹೇಳಲೇಬೇಕು. ದೊಡ್ಡ ನೋಯುವ ಗಂಟುಗಳು ಇದ್ದರೆ, ಕಲೆ ಉಳಿಯುತ್ತಿದ್ದರೆ ಊಟದ ಪ್ರಯೋಗ ಮಾಡುತ್ತಾ ಕಾಯದೆ ಚರ್ಮದ ಡಾಕ್ಟರನ್ನು ನೋಡಿ. ಕಲೆ ಬಿದ್ದ ಮೇಲೆ ತೆಗೆಯುವುದಕ್ಕಿಂತ ಬೀಳದ ಹಾಗೆ ನೋಡಿಕೊಳ್ಳುವುದು ಸುಲಭ.

ಈ ಸಲ ಊರಿಗೆ ಹೋಗುವವರೆಲ್ಲಾ ಔಷಧಿಯನ್ನು ಕೈಚೀಲದಲ್ಲಿ ಇಟ್ಟುಕೊಳ್ಳಿ, ಪಟ್ಟಿಯನ್ನು ಎರಡು ಸಾಲಿಗೆ ಇಳಿಸಿ, "ಪಥ್ಯ" ಮತ್ತು "ಸಾಕು" ಎಂಬ ಎರಡು ಪದಗಳನ್ನು ಸರಿಯಾಗಿ ಅಭ್ಯಾಸ ಮಾಡಿಕೊಂಡು ಹೋಗಿ. ಎಲ್ಲರ ಪ್ರಯಾಣವೂ ಸುಖಕರವಾಗಿರಲಿ.